ನೋಟ್‌ಬುಕ್‌ನ ನಾಲ್ಕನೇ ಕಾಲಂ

ಮಗಳಿಗೆ ಆಗ 9 ವರ್ಷ. ಬೆಳಗ್ಗೆ ಎದ್ದವಳೇ ಹೊಟ್ಟೆ ಹಿಡಿದುಕೊಂಡು ಮಂಚದ ತುದಿಯಲ್ಲಿ ಕೂತುಬಿಡುತ್ತಿದ್ದಳು. ಒಂದು ಕಾಲಿಗೆ ಸಾಕ್ಸ್ ಹಾಕಿರುತ್ತಿದ್ದಳು, ಇನ್ನೊಂದು ಸಾಕ್ಸ್ ಕೈಯಲ್ಲೇ ಇರುತ್ತಿತ್ತು. "ಅಪ್ಪಾ, ಇವತ್ತೊಂದು ದಿನ ಬೇಡ, ನಾಳೆ ಖಂಡಿತ ಹೋಗ್ತೀನಿ" ಅನ್ನುತ್ತಿದ್ದಳು. ನಾನು ಶಾಲೆಗೆ ಫೋನ್ ಮಾಡಿ ರಜೆ ಹೇಳುತ್ತಿದ್ದೆ. ಹತ್ತು ಗಂಟೆಯಷ್ಟೊತ್ತಿಗೆ ನೋವು ಹೋಗಿ ಆಟಕ್ಕೆ ಕೂತಿರುತ್ತಿದ್ದಳು.

"ನಾಟಕ ಆಡ್ತಾಳೆ" ಅಂದವರು ಬಹಳ ಜನ. ನಾಟಕ ಅಲ್ಲ. ಆ ನೋವು ನಿಜವಾದ ನೋವು. ಪರೀಕ್ಷೆ ದಿನವೋ ಇಂಟರ್‌ವ್ಯೂ ದಿನವೋ ನಮ್ಮ ಹೊಟ್ಟೆಯೂ ಕಿವುಚುತ್ತದೆ, ಅಲ್ವಾ? ದೊಡ್ಡವರು ಅದಕ್ಕೆ ಟೆನ್ಷನ್ ಅಂತ ಒಂದು ಹೆಸರಿಡುತ್ತೇವೆ. ಸಣ್ಣ ಮಕ್ಕಳಿಗೆ ಆ ಮಾತು ಇನ್ನೂ ಬಂದಿರುವುದಿಲ್ಲ. ಹೊಟ್ಟೆನೋವು, ತಲೆನೋವು, ಕಾರಣವಿಲ್ಲದ ಸಿಟ್ಟು, ರಾತ್ರಿ ನಿದ್ದೆ ಬಾರದಿರುವುದು, ಹೀಗೆ ಹೊರಗೆ ಬರುತ್ತದೆ.

ನಾವು ಮೊದಲು ಹೋಗಿದ್ದು ಮಕ್ಕಳ ಡಾಕ್ಟರ ಹತ್ತಿರ. ಯಾರಾದರೂ ಕೇಳಿದರೆ ನಾನು ಈಗಲೂ ಅಲ್ಲಿಂದಲೇ ಶುರು ಮಾಡಿ ಅನ್ನುತ್ತೇನೆ. ದೇಹದಲ್ಲಿ ಏನೂ ತೊಂದರೆ ಇಲ್ಲ ಅಂತ ಮೊದಲು ಖಚಿತ ಆಗಬೇಕು. ಕಣ್ಣು ಸರಿ ಕಾಣದೆ, ಕಿವಿ ಸರಿ ಕೇಳದೆ ಶಾಲೆ ಬೇಡ ಅನ್ನುವ ಮಕ್ಕಳೂ ಇದ್ದಾರೆ. ಓದಲು ಕಷ್ಟವಾಗಿ ಹೇಳಿಕೊಳ್ಳಲಾಗದವರು, ಯಾರೋ ಪೀಡಿಸುತ್ತಿದ್ದಾರೆ ಅಂತ ಬಾಯಿ ಬಿಡದವರು ಕೂಡ. ನಮ್ಮ ಮಗಳಿಗೆ ಇದು ಯಾವುದೂ ಇರಲಿಲ್ಲ. ಡಾಕ್ಟರು ಒಂದು ಕೆಲಸ ಕೊಟ್ಟರು. ಒಂದು ನೋಟ್‌ಬುಕ್ ತಗೊಂಡು ನಾಲ್ಕು ಕಾಲಂ ಎಳೆಯಿರಿ, ಮೂರು ವಾರ ಬರೆಯಿರಿ ಅಂದರು. ಯಾವಾಗ ಆಯಿತು, ಅದಕ್ಕೆ ಮುಂಚೆ ಏನು ನಡೆದಿತ್ತು, ಅವಳು ಏನು ಅಂದಳು ಅಥವಾ ಮಾಡಿದಳು, ಆಮೇಲೆ ನಾವು ಏನು ಮಾಡಿದೆವು.

ಮೂರು ವಾರಕ್ಕೆ 11 ಸಲ ಬರೆದಿದ್ದೆ. ಒಂದು ರಾತ್ರಿ ಹೆಂಡತಿ ಅದನ್ನು ಮೇಲಿಂದ ಕೆಳಗೆ ಓದಿದಳು. ಮೊದಲ ಮೂರು ಕಾಲಂಗಳಲ್ಲಿ ಒಂದೊಂದು ದಿನ ಒಂದೊಂದು ಥರ ಇತ್ತು. ನಾಲ್ಕನೆಯದರಲ್ಲಿ 9 ಸಲ ಒಂದೇ ಮಾತು: "ಮನೆಯಲ್ಲೇ ಇರಿಸಿಕೊಂಡೆವು." ಅವಳು ಆ ಸಾಲುಗಳ ಮೇಲೆ ಬೆರಳಿಟ್ಟು ನನ್ನನ್ನೇ ನೋಡಿದಳು. ಇಬ್ಬರಿಗೂ ಮಾತು ಹೊರಡಲಿಲ್ಲ.

ಇನ್ನು ಯಾರ ಹತ್ತಿರ ಹೋಗುವುದು? ನಮಗೆ ಹೆಸರುಗಳೇ ಗೊಂದಲವಾಗಿದ್ದವು. ಸೈಕಿಯಾಟ್ರಿಸ್ಟ್ ಅಂದರೆ ವೈದ್ಯಕೀಯ ಓದಿದ ಡಾಕ್ಟರು, ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮನಶ್ಶಾಸ್ತ್ರದಲ್ಲಿ ತರಬೇತಿ ಪಡೆದವರು, ಪರೀಕ್ಷಿಸಿ ನೋಡುತ್ತಾರೆ, ಮಾತು ಮತ್ತು ಅಭ್ಯಾಸದ ಮೂಲಕ ಚಿಕಿತ್ಸೆ ಕೊಡುತ್ತಾರೆ. ಕೌನ್ಸೆಲರ್ ಅನ್ನುವ ಪದ ಮಾತ್ರ ಬಹಳ ಸಡಿಲ. ಚೆನ್ನಾಗಿ ಕಲಿತು ಬಂದವರೂ ಇರುತ್ತಾರೆ, ನಾಲ್ಕು ದಿನದ ಕೋರ್ಸ್ ಮಾಡಿದವರೂ ಇರುತ್ತಾರೆ. ಎಲ್ಲಿ ಓದಿದ್ದೀರಿ ಅಂತ ಕೇಳಲು ಸಂಕೋಚ ಬೇಡ.

ನಾವು ಮೊದಲು ಭೇಟಿಯಾದವರನ್ನು ಏನೂ ಕೇಳಿರಲಿಲ್ಲ. ಅವರು ಇಪ್ಪತ್ತು ನಿಮಿಷ ಮಗಳಿಗೆ ಬುದ್ಧಿ ಹೇಳಿದರು. "ಒಳ್ಳೆ ಹುಡುಗಿ ಅಪ್ಪ ಅಮ್ಮನಿಗೆ ತೊಂದರೆ ಕೊಡಲ್ಲ" ಅಂದರು. ಹೊರಗೆ ಬಂದ ಮೇಲೆ ಮಗಳು ಕೇಳಿದಳು, "ಅಪ್ಪಾ, ನಾನು ಕೆಟ್ಟವಳಾ?" ಆ ಮಾತು ನೆನಪಾದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಆಮೇಲೆ ಎಲ್ಲಿಗೆ ಫೋನ್ ಮಾಡಿದರೂ ನಾಲ್ಕು ಪ್ರಶ್ನೆ ಕೇಳಿದೆ. ಈ ವಯಸ್ಸಿನ ಮಕ್ಕಳ ಜೊತೆ ಎಷ್ಟು ಕೆಲಸ ಮಾಡಿದ್ದೀರಿ? ಅಪ್ಪ ಅಮ್ಮನನ್ನು ಹೇಗೆ ಸೇರಿಸಿಕೊಳ್ಳುತ್ತೀರಿ? ಮಗು ಹೇಳಿದ್ದರಲ್ಲಿ ಯಾವುದನ್ನು ಗುಟ್ಟಾಗಿ ಇಡುತ್ತೀರಿ, ಯಾವುದನ್ನು ನಮಗೆ ಹೇಳುತ್ತೀರಿ? ಸರಿಹೋಗುತ್ತಿದೆಯೋ ಇಲ್ಲವೋ ಅಂತ ಯಾವಾಗ, ಹೇಗೆ ನೋಡುತ್ತೀರಿ? ಇದಕ್ಕೆ ಸಮಾಧಾನವಾಗಿ ಉತ್ತರ ಕೊಡುವವರು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ನಮಗೆ ಸಿಕ್ಕರು. ಆದರೆ ಆರು ವಾರ ಕಾಯಬೇಕಿತ್ತು. ಯಾರಾದರೂ ಬರದಿದ್ದರೆ ಆ ಸಮಯ ನಮಗೆ ಕೊಡಿ ಅಂತ ಹೇಳಿಟ್ಟಿದ್ದಕ್ಕೆ ನಾಲ್ಕನೇ ವಾರದಲ್ಲೇ ಕರೆ ಬಂತು. ಹೀಗೆ ಕೇಳಬಹುದು ಅಂತ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ಕಾಯಬಾರದ ಸಂದರ್ಭವೂ ಇದೆ. ಮಗು ಸಾಯುವ ಮಾತಾಡಿದರೆ, ತನಗೆ ತಾನೇ ಗಾಯ ಮಾಡಿಕೊಂಡರೆ, ಅಪಾಯಿಂಟ್‌ಮೆಂಟ್ ಬರಲಿ ಅಂತ ಕೂರಬೇಡಿ. ಅವತ್ತೇ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ. ಮಾತ್ರೆ, ಚೂಪಾದ ವಸ್ತು ಕೈಗೆ ಸಿಗದ ಹಾಗೆ ಇಡಿ, ಒಂಟಿಯಾಗಿ ಬಿಡಬೇಡಿ. "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಆಗುತ್ತದೆ ಅಂತ ಹೆದರುತ್ತೇವೆ. ಹಾಗೆ ಆಗುವುದಿಲ್ಲ. ಕೇಳಿ.

ಹೊಸ ಸೈಕಾಲಜಿಸ್ಟ್ ಮೊದಲ ದಿನ ಮಗಳಿಗೆ ಒಂದೂ ಪ್ರಶ್ನೆ ಕೇಳಲಿಲ್ಲ. ನೆಲದ ಮೇಲೆ ಕೂತು, ದೊಡ್ಡ ಹಾಳೆ ಹರಡಿ, ತಾವೇ ಚಿತ್ರ ಬರೆಯತೊಡಗಿದರು. ಮಗಳು ನನ್ನ ತೋಳು ಬಿಟ್ಟಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರ ಮನೆಯ ಚಿತ್ರಕ್ಕೆ ಕಿಟಕಿ ಇಲ್ಲ ಅಂತ ಅವಳಿಗೆ ಕಂಡಿತು. ಮೆಲ್ಲಗೆ ಹೋಗಿ ಒಂದು ಕಿಟಕಿ ಬರೆದಳು. ಅಷ್ಟೇ ಅವತ್ತು ನಡೆದಿದ್ದು.

ಮುಂದಿನ ಸಲ "ನೀವಿಬ್ಬರೇ ಬನ್ನಿ" ಅಂದರು. ಮಗಳಿಗೆ ಚಿಕಿತ್ಸೆ ಕೊಡಿಸಲು ಹೋದರೆ ನಮ್ಮನ್ನು ಕೂರಿಸಿಕೊಂಡರಲ್ಲ ಅಂತ ನನಗೆ ಒಳಗೊಳಗೇ ಬೇಸರ. ಅವರು ನೋಟ್‌ಬುಕ್ ತೆರೆದು ನೇರ ನಾಲ್ಕನೇ ಕಾಲಂಗೆ ಹೋದರು. ಭಯಪಟ್ಟ ಮಗುವನ್ನು ಭಯದ ಜಾಗದಿಂದ ದೂರ ಇಟ್ಟರೆ ಅವತ್ತಿಗೆ ನೆಮ್ಮದಿ, ಆದರೆ ಆ ಜಾಗ ನಿಜಕ್ಕೂ ಅಪಾಯ ಅಂತ ಅದರ ಮನಸ್ಸಿಗೆ ಗಟ್ಟಿಯಾಗುತ್ತದೆ ಅಂತ ಬಿಡಿಸಿ ಹೇಳಿದರು. "ಪ್ರೀತಿಯಿಂದಲೇ ಮಾಡಿದ್ದೀರಿ, ತಪ್ಪಿತಸ್ಥರು ಯಾರೂ ಅಲ್ಲ" ಅಂತಲೂ ಅಂದರು. ಆ ಮಾತು ನಮಗೆ ಆಗ ಬೇಕಾಗಿತ್ತು.

ಆಮೇಲೆ ನಾನೇ ಹುಡುಕಿ ಓದಿದೆ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೋವಿಟ್ಜ್ ಮತ್ತು ಜೊತೆಗಾರರು ಆತಂಕದ ತೊಂದರೆ ಇದ್ದ 124 ಮಕ್ಕಳ ಮೇಲೆ ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದ್ದಾರೆ. ಅರ್ಧ ಮಕ್ಕಳಿಗೆ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆ. ಉಳಿದವರಲ್ಲಿ ಚಿಕಿತ್ಸಕರು ಭೇಟಿ ಮಾಡಿದ್ದು ಅಪ್ಪ ಅಮ್ಮನನ್ನು ಮಾತ್ರ. ಎರಡೂ ಗುಂಪಿನ ಮಕ್ಕಳು ಹೆಚ್ಚುಕಡಿಮೆ ಒಂದೇ ಸಮ ಸುಧಾರಿಸಿದ್ದರು. ಓದಿ ನನಗೆ ಎಷ್ಟು ಹಗುರ ಆಯಿತು ಗೊತ್ತಾ? ನಮ್ಮ ಕೈಯಲ್ಲೂ ಏನೋ ಇದೆ ಅಂತಾಯಿತು.

ಮಾಡಬೇಕಿದ್ದದ್ದು ಕೇಳಲು ಸಣ್ಣದು. ಬೆಳಗ್ಗೆ ಅವಳು ಹೊಟ್ಟೆ ಹಿಡಿದುಕೊಂಡಾಗ ಪಕ್ಕದಲ್ಲಿ ಕೂತು ಎರಡು ಮಾತು ಹೇಳಬೇಕು. "ಪುಟ್ಟಿ, ನಿಂಗೆ ಭಯ ಆಗ್ತಿದೆ, ನಂಗೆ ಗೊತ್ತು. ಆ ಭಯಾನ ನೀನು ತಡ್ಕೋತೀಯ, ಅದೂ ನಂಗೆ ಗೊತ್ತು." ಎರಡೂ ಬೇಕು. ಮೊದಲನೆಯದು ಬಿಟ್ಟರೆ ಗದರಿದಂತೆ, ಎರಡನೆಯದು ಬಿಟ್ಟರೆ ಸೋತಂತೆ. ಆಮೇಲೆ ವಾದ ಬೇಡ, ಪದೇ ಪದೇ ಸಮಾಧಾನ ಬೇಡ. ಮೊದಲ ವಾರ ಅತ್ತು ರಂಪ ಮಾಡಿದಳು. ಹೆಂಡತಿ ಬಚ್ಚಲುಮನೆಗೆ ಹೋಗಿ ತಾನೂ ಅತ್ತಳು. ಶಾಲೆಯ ಟೀಚರ್ ಜೊತೆ ಮಾತಾಡಿ ಮೆಟ್ಟಿಲು ಮೆಟ್ಟಿಲಾಗಿ ಹೋದೆವು. ಮೊದಲು ಗೇಟಿನವರೆಗೆ, ಆಮೇಲೆ ಒಂದು ಪೀರಿಯಡ್, ಆಮೇಲೆ ಅರ್ಧ ದಿನ. ನಮಗೆ ಔಷಧಿ ಬೇಕಾಗಲಿಲ್ಲ. ಕೆಲವು ಮಕ್ಕಳಿಗೆ ಬೇಕಾಗುತ್ತದೆ, ಡಾಕ್ಟರು ಹೇಳಿದರೆ ಅದಕ್ಕೆ ಹೆದರಬೇಡಿ.

ಮಗನ ವಿಷಯ ಹೇಳಲೇಬೇಕು. ಅವನಿಗೆ 13. ಒಂದು ದಿನ ನಾಲ್ಕೂ ಜನರನ್ನು ಕರೆಸಿದ್ದರು. ಯಾರೂ ಕೇಳದೆಯೇ ಅವನು ಅಂದ, "ನನ್ನನ್ನ ಯಾರೂ ಏನೂ ಕೇಳಲ್ಲ. ನಾನು ಚೆನ್ನಾಗಿದೀನಿ ಅಂತ ಅಂದ್ಕೊಂಡುಬಿಟ್ಟಿದೀರ." ತಲೆ ಎತ್ತಲಿಲ್ಲ, ಶೂ ಲೇಸ್ ಎಳೆಯುತ್ತಾ ಹೇಳಿದ. ಆ ಒಂದು ವರ್ಷ ನಮ್ಮ ಮನೆಯ ಮಾತೆಲ್ಲ ಅವನ ತಂಗಿಯ ಹೊಟ್ಟೆನೋವಿನ ಸುತ್ತಲೇ ಇತ್ತು. 10ರಿಂದ 19 ವಯಸ್ಸಿನ ಏಳು ಮಕ್ಕಳಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಓದುವಾಗ ನನಗೆ ಮಗಳು ಕಣ್ಮುಂದೆ ಬಂದಿದ್ದಳು, ಮಗ ಬಂದಿರಲಿಲ್ಲ.

ಮಗಳು ಈಗ ದಿನಾ ಶಾಲೆಗೆ ಹೋಗುತ್ತಾಳೆ. ರಜೆ ಮುಗಿದ ಮೊದಲ ದಿನ ಈಗಲೂ ಕಷ್ಟ. ನಾನು ಪ್ರತಿ ಭಾನುವಾರ ಸಂಜೆ ಮಗನ ಜೊತೆ ಒಂದು ಗಂಟೆ ನಡೆಯುತ್ತೇನೆ, ಫೋನ್ ಮನೆಯಲ್ಲೇ ಬಿಟ್ಟು. ಮೊದಲ ಮೂರು ವಾರ ಅವನು ಮಾತೇ ಆಡಲಿಲ್ಲ. ನಾಲ್ಕನೇ ವಾರ ಒಬ್ಬ ಗೆಳೆಯನ ವಿಷಯ ಶುರು ಮಾಡಿದ, ಮನೆ ಬಂದರೂ ಮುಗಿದಿರಲಿಲ್ಲ, ಇನ್ನೊಂದು ಸುತ್ತು ಹಾಕಿದೆವು.