ಲಂಡನ್‌ನಿಂದ ಬರ್ವಿಕ್‌ಗೆ: ಎ1 ರಸ್ತೆಯಲ್ಲಿ ಕ್ಯಾಮೆರಾ ಹಿಡಿದು

ಲಂಡನ್‌ನಿಂದ ಎಡಿನ್‌ಬರೋಗೆ ಹೋಗುವ ಎ1 ಸುಮಾರು 660 ಕಿ.ಮೀ. ಉದ್ದದ ರಸ್ತೆ. ನಾವು ಹಿಡಿದದ್ದು ಇಂಗ್ಲೆಂಡಿನೊಳಗಿನ ಭಾಗವನ್ನು ಮಾತ್ರ, ಸ್ಕಾಟ್ಲೆಂಡ್ ಗಡಿ ಹತ್ತಿರದ ಬರ್ವಿಕ್ ಊರಿನವರೆಗೆ. ಫೋಟೊಗಾಗಿಯೇ ಹೋಗುವವರು ಬೆಟ್ಟ, ಜಲಪಾತ ಅಂತ ಕಾಯುತ್ತಾ ಕೂತರೆ ಅರ್ಧ ದಾರಿ ಬೇಜಾರು. ದಕ್ಷಿಣದಲ್ಲಿ ಹೆಚ್ಚಿನ ಕಡೆ ಬರೀ ಹೊಲ. ಬದಲಾಗುವುದು ಊರುಗಳ ಗೋಡೆ. ಉತ್ತರಕ್ಕೆ ಹೋದ ಹಾಗೆ ಇಟ್ಟಿಗೆ, ಕಲ್ಲು, ಹೆಂಚು ಎಲ್ಲದರ ಬಣ್ಣ ಬೇರೆಯಾಗುತ್ತದೆ. ಅದರ ಮೇಲೆ ಕಣ್ಣಿಡಿ.

ರಸ್ತೆ ಶುರುವಾಗುವುದು ಸೇಂಟ್ ಪಾಲ್ಸ್ ಚರ್ಚಿನ ಹತ್ತಿರ. ಅಲ್ಲಿಗೆ ಕಾರು ಬೇಡ. ನಗರದ ನಡುವೆ ಕಾರು ತಂದರೆ ಕಂಜೆಶನ್ ಚಾರ್ಜ್ (ದಟ್ಟಣೆ ಶುಲ್ಕ) ಕಟ್ಟಬೇಕು. ಟ್ಯೂಬ್‌ನಲ್ಲಿ (ಲಂಡನ್ ಮೆಟ್ರೊ) ಬಂದು ಇಸ್ಲಿಂಗ್ಟನ್‌ವರೆಗೆ ನಡೆದೇ ಹೋಗಿ, ಹಳದಿ ಇಟ್ಟಿಗೆಯ ಹಳೇ ಮನೆಗಳು ಸಿಗುತ್ತವೆ. ಬಾಡಿಗೆ ಕಾರನ್ನು ನಗರದ ಹೊರಗೆ ತಗೊಳ್ಳಿ. ಪ್ರವಾಸಕ್ಕೆ ಹೋದವರಿಗೆ ನಮ್ಮ ಲೈಸೆನ್ಸ್ 12 ತಿಂಗಳು ನಡೆಯುತ್ತದೆ. ಅಲ್ಲೂ ಎಡಗಡೆಯೇ ಓಡಿಸುವುದು, ಹಾಗಾಗಿ ಅಷ್ಟು ಕಷ್ಟವಿಲ್ಲ.

ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ನಮ್ಮ ಹೈವೇಯಲ್ಲಿ ಟೀ ಅಂಗಡಿ ಕಂಡ ಕಡೆ ಬದಿಗೆ ಹಾಕ್ತೀವಲ್ವಾ, ಇಲ್ಲಿ ಅದು ಆಗದು. ಎ1ರ ಕೆಲವು ಭಾಗ ಮೋಟರ್‌ವೇ. ಅಲ್ಲಿ ಗಾಡಿ ಕೆಟ್ಟರೆ, ತುರ್ತು ಬಂದರೆ ಬಿಟ್ಟು ನಿಲ್ಲುವಂತಿಲ್ಲ. ಉಳಿದ ಕಡೆ ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸುವ ಲೇ-ಬೈಗಳಿವೆ, ಆದರೆ ಲಾರಿಗಳ ಸದ್ದು ಜಾಸ್ತಿ, ನೋಟ ಕಡಿಮೆ. ಓಡುವ ಕಾರಿನಿಂದ ತೆಗೆಯುವುದಾದರೆ ಪಕ್ಕದಲ್ಲಿ ಕೂತವರೇ ತೆಗೆಯಬೇಕು. ಗಾಜು ಒರೆಸಿ, ಶಟರ್ ವೇಗ ಸೆಕೆಂಡಿನ 1/1000ಕ್ಕಿಂತ ನಿಧಾನ ಇಡಬೇಡಿ. ಉತ್ತರದ ಕಡೆಗೇ ಓಡಿಸಿ. ಮಧ್ಯಾಹ್ನದ ಬಿಸಿಲು ಬೆನ್ನಿಗಿರುತ್ತದೆ, ಎದುರಿನ ನೋಟಕ್ಕೆ ಬೆಳಕು ಚೆನ್ನಾಗಿ ಬೀಳುತ್ತದೆ.

ಹೊಸ ಎ1 ಹೆಚ್ಚಿನ ಊರುಗಳನ್ನು ಬಳಸಿಕೊಂಡು ಹೋಗುತ್ತದೆ. ಅದಕ್ಕೇ ಆಗಾಗ ಇಳಿದು ಹಳೇ ರಸ್ತೆ ಹಿಡಿಯಬೇಕು. ಒಂದೇ ಊರಿಗೆ ಸಮಯ ಇದ್ದರೆ ಸ್ಟಾಮ್‌ಫರ್ಡ್‌ಗೆ ಕೊಡಿ. 1960ರಲ್ಲಿ ಬೈಪಾಸ್ ಬಂದು ಇಲ್ಲಿನ ಇಕ್ಕಟ್ಟಿನ ಬೀದಿಗಳು ಉಳಿದುಕೊಂಡವು. ಊರಿಗೆ ಊರೇ ಸುಣ್ಣಕಲ್ಲಿನದು. ಮೋಡ ಇದ್ದಾಗ ಬೂದು, ಸಂಜೆ ಬಿಸಿಲು ಬಿದ್ದರೆ ಜೇನಿನ ಬಣ್ಣ. ಜಾರ್ಜ್ ಹೋಟೆಲಿನ ಬೋರ್ಡು ರಸ್ತೆಯ ಈ ಕಡೆಯಿಂದ ಆ ಕಡೆಗೆ ಗಲ್ಲುಗಂಬದ ಹಾಗೆ ಅಡ್ಡ ನಿಂತಿದೆ. ಸೇತುವೆ ಕಡೆಗೆ ಇಳಿಯುವ ರಸ್ತೆಯನ್ನು ಆ ಬೋರ್ಡಿನ ಚೌಕಟ್ಟಿನೊಳಗೆ ಕೂರಿಸಿ ತೆಗೆಯಿರಿ. ಕೆಳಗೆ ವಾಹನ ಬರುತ್ತಲೇ ಇರುತ್ತವೆ, ಫುಟ್‌ಪಾತ್ ಬಿಟ್ಟು ಇಳಿಯಬೇಡಿ.

ಅಲ್ಲಿಂದ ಮುಂದೆ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಕೆಂಪು ಇಟ್ಟಿಗೆ, ಕೆಂಪು ಹೆಂಚು. ಮಾರ್ಕಮ್ ಮೂರ್ ಜಂಕ್ಷನ್ನಿನಲ್ಲಿ ರೆಕ್ಕೆಯೆತ್ತಿದಂತೆ ಬಾಗಿದ ಒಂದು ಕಾಂಕ್ರೀಟ್ ಚಾವಣಿ ಇದೆ. ಮೊದಲು ಪೆಟ್ರೋಲ್ ಬಂಕ್ ಆಗಿದ್ದದ್ದು, ವಿನ್ಯಾಸ ಸ್ಯಾಮ್ ಸ್ಕೋರರ್ ಅವರದು. 2012ರಲ್ಲಿ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು. ಚರ್ಚು, ಕೋಟೆ ನೋಡಿ ನೋಡಿ ಸಾಕಾದವರಿಗೆ ಒಳ್ಳೇ ಬದಲಾವಣೆ.

ಹಳೇ ಚಿತ್ರಗಳಲ್ಲಿ ಕಾಣುವ ಫೆರಿಬ್ರಿಡ್ಜ್ ವಿದ್ಯುತ್ ಸ್ಥಾವರದ 8 ಕೂಲಿಂಗ್ ಟವರ್‌ಗಳನ್ನು ಹುಡುಕಬೇಡಿ. 2019ರಿಂದ 2022ರೊಳಗೆ ಅಷ್ಟನ್ನೂ ಕೆಡವಿದರು.

ಗೇಟ್ಸ್‌ಹೆಡ್‌ನ ಏಂಜೆಲ್ ಆಫ್ ದ ನಾರ್ತ್ 1998ರದು. 20 ಮೀಟರ್ ಎತ್ತರ, ರೆಕ್ಕೆಗಳ ಅಗಲ 54 ಮೀಟರ್. ಕಾರಿನಿಂದ ಕಂಡು ಮರೆಯಾಗಿಬಿಡುತ್ತದೆ. ಎ167 ರಸ್ತೆಗೆ ಇಳಿದು ನಿಲ್ಲಿಸಿ, ಪಾದದವರೆಗೂ ಹೋಗಿ. ಕೈಯಿಂದ ಮುಟ್ಟಿದರೆ ತುಕ್ಕು ಬಣ್ಣದ ಉಕ್ಕು ಒರಟಾಗಿದೆ. ದೂರದಿಂದ ಬರೀ ಪ್ರತಿಮೆ ತೆಗೆಯುವುದಕ್ಕಿಂತ, ಬುಡದಲ್ಲಿ ಜನ ನಿಂತಿರುವಾಗ ತೆಗೆದರೆ ಅಳತೆ ತಿಳಿಯುತ್ತದೆ.

ನಾರ್ಥಂಬರ್ಲೆಂಡ್‌ನಲ್ಲಿ ಮರಳುಗಲ್ಲಿನ ಗೋಡೆ, ಬಲಗಡೆ ಆಗಾಗ ಸಮುದ್ರ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಸುಮ್ನೆ ಹೋಗಬೇಡಿ. ಬೀಲ್ ಹತ್ತಿರ ತಿರುಗಿದರೆ ಹೋಲಿ ಐಲೆಂಡ್. ಅಲ್ಲಿಗೆ ಹೋಗುವ ದಾರಿ ಉಬ್ಬರದಲ್ಲಿ ಪೂರ್ತಿ ಮುಳುಗುತ್ತದೆ. ದಾಟುವ ಸಮಯದ ಪಟ್ಟಿ ನೋಡದೆ ಚಕ್ರ ಇಳಿಸಲೇಬೇಡಿ.

ಬರ್ವಿಕ್‌ನಲ್ಲಿ ಕಾರು ಬಿಡುವುದಾದರೆ, ಬೇರೆ ಊರಲ್ಲಿ ವಾಪಸ್ ಕೊಟ್ಟದ್ದಕ್ಕೆ ಎಷ್ಟು ಹಾಕ್ತಾರೆ ಅಂತ ಬುಕ್ ಮಾಡುವಾಗಲೇ ಕೇಳಿ. ರೈಲಿನಲ್ಲಿ ಲಂಡನ್‌ಗೆ ಮರಳುವವರು ಹೋಗುವ ದಿಕ್ಕಿಗೆ ಎಡಗಡೆ ಕಿಟಕಿ ಹಿಡಿಯಿರಿ. ಸ್ಟೇಷನ್ ಬಿಟ್ಟ ಕೂಡಲೇ 28 ಕಮಾನುಗಳ ಸೇತುವೆ ಬರುತ್ತದೆ, ಕ್ಯಾಮೆರಾ ಆಗಲೇ ಕೈಯಲ್ಲಿರಲಿ.