‘ಉಳದದ್ದೇನ ಇದು?’

ಚಮಚ ತಟ್ಟೆಗೆ ತಾಗಿದ ಸದ್ದು ಇನ್ನೂ ಕಿವಿಯಲ್ಲಿದೆ. ಜೋರಾಗಿ ಕುಕ್ಕಿದ್ದರೆ ಎರಡು ಮಾತು ಆಡಿ ಬರಬಹುದಿತ್ತು. ಮೆಲ್ಲಗೆ ಇಟ್ಟರು. ಇಟ್ಟು ಕೇಳಿದರು.

‘ಉಳದದ್ದೇನ ಇದು?’

ಮಂಗಳವಾರ ಸಂಜೆಯ ಮಾತು. ಇವತ್ತು ಶುಕ್ರವಾರ. ಪಾತ್ರೆ ತಿಕ್ಕುವಾಗ, ಬಸ್ಸಿಗೆ ಕಾಯುವಾಗ, ರಾತ್ರಿ ಗ್ಯಾಸ್ ಆಫ್ ಮಾಡುವಾಗ ಆ ಎರಡೇ ಶಬ್ದ ನಾಲ್ಕು ದಿನದಿಂದ ತಿರುಗುತ್ತಿವೆ.

ತಪ್ಪು ಪೇಡೆಯದು. ರಿಸಲ್ಟ್ ಬರುವ ದಿನಗಳಲ್ಲಿ ಧಾರವಾಡದಲ್ಲಿ ಇದ್ದವರಿಗೆ ಗೊತ್ತು. ಪಾಸಾದರೂ ಪೇಡೆ, ನೌಕರಿ ಸಿಕ್ಕರೂ ಪೇಡೆ, ಸ್ಕೂಟಿ ತಗೊಂಡರೂ ಪೇಡೆ. ಹೊರಗಿನವರು ರೈಲು ಹತ್ತುವಾಗ ಲೈನ್ ಬಜಾರಿಗೆ ಹೋಗಿ ಸಾಲಿನಲ್ಲಿ ನಿಂತು ಒಯ್ಯುವುದು ಸರಿ. ಧಾರವಾಡದವರೇ ಧಾರವಾಡದವರಿಗೆ ಡಬ್ಬಿಗಟ್ಟಲೆ ಪೇಡೆ ಕೊಡುವುದು ಯಾಕೋ ನನಗಂತೂ ತಿಳಿದಿಲ್ಲ. ಎರಡು ತಿಂದು, ಎರಡು ಕೆಲಸದವರಿಗೆ ಕೊಟ್ಟು, ಉಳಿದದ್ದು ಫ್ರಿಜ್‌ಗೆ ಹೋಗುತ್ತದೆ. ಅಲ್ಲಿ ಗಟ್ಟಿಯಾಗುತ್ತದೆ. ಮನೆಯವರು ಫ್ರಿಜ್ ತೆಗೆದಾಗಲೆಲ್ಲ ‘ಅದನ್ನ ಏನರ ಮಾಡ’ ಅನ್ನುತ್ತಾರೆ. ಆ ‘ಏನರ’ ಏನು ಅಂತ ಅವರು ಯಾವತ್ತೂ ಹೇಳಿದ್ದಿಲ್ಲ.

ಏನರ ಮಾಡಿದೆ. ಕೇಕ್ ಮಾಡಿದೆ.

ಹನ್ನೆರಡು ಪೇಡೆ ಇದ್ದವು. ಕೈಯಲ್ಲಿ ಮುರಿಯಲು ಬರಲಿಲ್ಲ, ತುರಿಯುವ ಮಣೆಯಲ್ಲಿ ತುರಿದೆ. ಮೇಲಿನ ಸಕ್ಕರೆ ಪುಡಿ ಉದುರಿತು, ಒಳಗಿನ ಕಂದು ಬಣ್ಣದ ತುರಿ ಹುರಿದ ರವೆಯ ಹಾಗೆ ತಟ್ಟೆಯಲ್ಲಿ ಗುಡ್ಡೆಯಾಯ್ತು. ಜೊತೆಗೆ ಮೂರು ದಿನದ ಮೊಸರು ಒಂದು ಕಪ್ಪು. ಬಾಯಿಗಿಟ್ಟರೆ ಒಂದು ಕಣ್ಣು ತಾನಾಗಿ ಮುಚ್ಚುವಷ್ಟು ಹುಳಿ. ಮೈದಾ ಒಂದೂವರೆ ಕಪ್ಪು, ಎಣ್ಣೆ ಕಾಲು ಕಪ್ಪು, ಯಾಲಕ್ಕಿ. ಸಕ್ಕರೆ ಬೇರೆ ಹಾಕಲಿಲ್ಲ, ಪೇಡೆಯಲ್ಲೇ ಬೇಕಾದಷ್ಟು ಇತ್ತು. ಕೊನೆಗೆ ಅರ್ಧ ಟೀ ಚಮಚ ಅಡುಗೆ ಸೋಡಾ. ಹುಳಿ ಮೊಸರಿಗೆ ಸೋಡಾ ಬಿದ್ದ ಕೂಡಲೇ ಹಿಟ್ಟು ಚುರುಚುರು ಅಂದು ಗುಳ್ಳೆ ಎದ್ದಿತು. ಆ ಗುಳ್ಳೆಯೇ ಕೇಕನ್ನು ಎಬ್ಬಿಸುವುದು, ಅದಕ್ಕೇ ಸೋಡಾ ಹಾಕಿದ ಮೇಲೆ ಫೋನ್ ಎತ್ತಬಾರದು. ಹಿಂದೊಮ್ಮೆ ಒಂದು ಚಮಚ ತುಂಬ ಸೋಡಾ ಹಾಕಿದ್ದೆ. ಮಗ ತಿಂದು ‘ಅವ್ವಾ, ಯಾವ ಸಾಬೂನು?’ ಅಂದಿದ್ದ.

ಇನ್ನೊಂದು ವಿಷಯ. ಪೇಡೆಯ ಖೋವಾವನ್ನು ಮೊದಲೇ ಗಂಟೆಗಟ್ಟಲೆ ಹುರಿದಿರುತ್ತಾರೆ, ಬಣ್ಣ ಬರುವುದೇ ಅದರಿಂದ. ಹಾಲಿನ ಅಂಶ, ಸಕ್ಕರೆ ಎರಡೂ ಜಾಸ್ತಿ ಇರುವುದರಿಂದ ಓವನ್ನಿನಲ್ಲಿ ಮೇಲ್ಭಾಗ ಬೇಗ ಕಪ್ಪಾಗುತ್ತದೆ, ನಡುವೆ ಹಸಿ ಉಳಿಯುತ್ತದೆ. 180 ಡಿಗ್ರಿ ಬೇಡ, 160ರಲ್ಲಿಟ್ಟು ಅರ್ಧ ದಾರಿಯಲ್ಲಿ ಮೇಲೆ ಫಾಯಿಲ್ ಮುಚ್ಚಿದೆ. ನಲವತ್ತು ನಿಮಿಷದ ಹೊತ್ತಿಗೆ ಓಣಿ ತುಂಬ ವಾಸನೆ. ಪೇಡೆ ಅಂಗಡಿಯ ಮುಂದೆ ನಿಂತ ಹಾಗೆ.

ಪಕ್ಕದ ಮನೆ ಕಾಕು ವಾಸನೆ ಹಿಡಿದೇ ಕೇಳಿದರು. ನಾಲ್ಕು ತುಂಡು ಒಯ್ದೆ. ಮೊದಲ ತುಂಡಿಗೆ ‘ಛಲೋ ಆಗೇತಿ’ ಅಂದರು. ಎರಡನೆಯದಕ್ಕೆ ಕಣ್ಣು ಮುಚ್ಚಿದರು. ಕಾಕು ಸುಮ್ನೆ ಹೊಗಳುವವರಲ್ಲ. ಮದುವೆ ಮನೆ ಊಟದಲ್ಲೂ ಉಪ್ಪು ಕಮ್ಮಿ ಅಂತ ಹೇಳಿ ಬರುವವರು. ಹಾಗಾಗಿ ಉಬ್ಬಿಹೋದೆ. ‘ಹೆಂಗ ಮಾಡಿದಿ?’ ಅಂದಿದ್ದೇ ತಡ, ಹೇಳತೊಡಗಿದೆ. ಫ್ರಿಜ್‌ನಲ್ಲಿ ಪೇಡೆ ಉಳಿದಿದ್ದವು ಕಾಕು, ಮೊಸರೂ ಹುಳಿಯಾಗಿತ್ತು, ಚೆಲ್ಲೋದ್ಯಾಕ ಅಂತ...

ಚಮಚ ಕೆಳಗೆ ಹೋಯ್ತು.

‘ಉಳದದ್ದೇನ ಇದು?’

ಆಗ ನಾನು ಹೇಳಿದ್ದು ಇಷ್ಟು: ‘ಅಯ್ಯ ಹಂಗಲ್ರಿ, ನಿನ್ನೆ ತಂದ ಪೇಡೆನ.’

ಹಸಿ ಸುಳ್ಳು. ನಾಲ್ಕು ದಿನದಿಂದ ಚುಚ್ಚುತ್ತಿರುವುದು ಅವರ ಪ್ರಶ್ನೆಯೋ ನನ್ನ ಉತ್ತರವೋ ಅಂತ ಈಗ ಬರೆಯುತ್ತ ಕೂತಾಗ ಅನುಮಾನ ಬರುತ್ತಿದೆ.

ಕಾಕು ಹಾಲಿನ ಪ್ಯಾಕೆಟ್ ಕೂಡ ತೊಳೆದು ತಂತಿಗೆ ಒಣಹಾಕುತ್ತಾರೆ. ಗಿಫ್ಟ್ ಕಾಗದ ಮಡಚಿ ಗಾದಿ ಕೆಳಗಿಡುತ್ತಾರೆ. ಉಳಿಸುವುದರಲ್ಲಿ ಅವರ ಮುಂದೆ ನಾನು ಯಾವ ಲೆಕ್ಕ? ಆದರೆ ಅದು ಅವರ ಮನೆಯೊಳಗಿನ ಮಾತು. ಉಳಿದದ್ದು ಗೇಟು ದಾಟಬಾರದು. ಇನ್ನೊಬ್ಬರಿಗೆ ಕೊಡುವುದಿದ್ದರೆ ಹೊಸದೇ ಆಗಬೇಕು. ಅವರ ಕಡೆಯಿಂದ ನೋಡಿದರೆ ಅದೂ ತಪ್ಪಲ್ಲ ಬಿಡಿ. ತಾಟಿನಲ್ಲಿ ಬಿಟ್ಟದ್ದು ಎಂಜಲು, ರಾತ್ರಿ ಕಳೆದದ್ದು ತಂಗಳು, ಡಬ್ಬಿಯಲ್ಲಿ ಮಿಕ್ಕದ್ದು ಬರೀ ಉಳಿದದ್ದು. ಮೂರೂ ಬೇರೆ ಬೇರೆ. ಕಾಕು ಕೇಳಿದ ದನಿಯಲ್ಲಿ ಮೂರೂ ಒಂದೇ ಡಬ್ಬಿಗೆ ಬಿದ್ದವು.

ಗದಗ ಕಡೆ ಹಳ್ಳಿಯಲ್ಲಿದ್ದ ನಮ್ಮಮ್ಮ, ಅಂದರೆ ಅವ್ವನ ಅವ್ವ, ಈ ಪ್ರಶ್ನೆಗೆ ಏನನ್ನುತ್ತಿದ್ದಳೋ! ಜೋಳ ಒಡೆಸಿ ಹಿಟ್ಟು ಸೋಸಿದ ಮೇಲೆ ಜರಡಿಯಲ್ಲಿ ಉಳಿಯುವುದು ನುಚ್ಚು. ಅದನ್ನೇ ಕುದಿಸಿ ಮಜ್ಜಿಗೆ ಕಲಸಿ ಕೊಟ್ಟರೆ ಬೇಸಿಗೆಯಲ್ಲಿ ಅದರಂಥ ಊಟ ಇಲ್ಲ. ಹೋಳಿಗೆಗೆ ಬೇಳೆ ಬೇಯಿಸಿ ಬಸಿದ ನೀರು ಕಟ್ಟಿನ ಸಾರಾಗುತ್ತದೆ. ಹೋಳಿಗೆ ಬೇಕಾದರೆ ಬಿಟ್ಟೇವು, ಆ ಸಾರು ಬಿಡುತ್ತೇವಾ? ಮಿಕ್ಕ ರೊಟ್ಟಿ ಮುರಿದು ಒಗ್ಗರಣೆ ಹಾಕಿ, ಉಳ್ಳಾಗಡ್ಡಿ ಜಾಸ್ತಿ ಹಾಕಿ ಕೊಡುತ್ತಿದ್ದಳು. ಬೆಣ್ಣೆ ಕಾಸಿದ ಪಾತ್ರೆಯ ತಳದ ಗಸಿಗೆ ಬೆಲ್ಲ ಹಾಕಿ ಮೊಮ್ಮಕ್ಕಳ ಕೈಗೆ ಒಂದೊಂದು ಉಂಡೆ. ಅದಕ್ಕೆ ನಾವು ಹೊಡೆದಾಡುತ್ತಿದ್ದೆವು. ಬಂದವರಿಗೂ ಅದನ್ನೇ ಕೊಡುತ್ತಿದ್ದಳು. ‘ನಿನ್ನೀ ರೊಟ್ಟಿ ಐತಿ, ಮಸರು ಐತಿ, ಕುಂಡ್ರು’ ಅಂತ ಬಾಯಿ ಬಿಟ್ಟು ಹೇಳಿಯೇ ಬಡಿಸುತ್ತಿದ್ದಳು. ಅವಳ ಮೊಮ್ಮಗಳು ನಾನು, ಒಂದು ಚಮಚದ ಸದ್ದಿಗೆ ಹೆದರಿ ಪೇಡೆಯ ವಯಸ್ಸು ಕಡಿಮೆ ಮಾಡಿ ಹೇಳಿ ಬಂದೆ.

ಬುಧವಾರ ಕಾಕುವಿನ ಸೊಸೆಯ ಮೆಸೇಜು ಬಂತು. ಬೆಂಗಳೂರಿನ ಹುಡುಗಿ, ಅಚ್ಚುಕಟ್ಟು. ಗ್ರಾಮಿನಲ್ಲಿ ತೂಗದೆ ಉಪ್ಪೂ ಹಾಕುವವಳಲ್ಲ. ‘ಆಂಟಿ, ರೆಸಿಪಿ ಕಳಿಸಿ, ಅಳತೆ ಸಮೇತ. ಪೇಡ ಎಷ್ಟು ಗ್ರಾಂ?’

ಏನಂತ ಬರೆಯಲಿ? ಪೇಡೆ ಇದ್ದಷ್ಟು. ಮೊಸರು ಹುಳಿಯಾದಷ್ಟು. ಸೋಡಾ ಒಂದೇ ನಿಜವಾದ ಅಳತೆ. ಮುಂದಿನ ವಾರ ಫ್ರಿಜ್‌ನಲ್ಲಿ ಪೇಡೆ ಬದಲು ಹೋಳಿಗೆ ಹೂರಣ ಇದ್ದರೆ ಅದೇ ಹಾಕುತ್ತಿದ್ದೆ. ಕಪ್ಪಾದ ಬಾಳೆಹಣ್ಣಿದ್ದರೆ ಅದು. ನಮ್ಮ ಮನೆಗೆ ಆ ವಾರ ಯಾರ್ಯಾರು ಬಂದರು, ಏನು ತಂದರು, ನಾವೆಷ್ಟು ತಿನ್ನಲಿಲ್ಲ ಅನ್ನುವುದೇ ಆ ಕೇಕ್. ಅದನ್ನು ಗ್ರಾಮಿಗೆ ತರಲಿ ಹೇಗೆ?

ಆದರೂ ತಂದೆ. ಹನ್ನೆರಡು ಪೇಡೆ, ಹೆಚ್ಚುಕಡಿಮೆ ಕಾಲು ಕಿಲೋ ಅಂತ ಬರೆದೆ. ಮೊದಲು ‘ಉಳಿದ ಪೇಡೆ’ ಅಂತ ಟೈಪ್ ಮಾಡಿದೆ. ಅತ್ತೆಗೆ ತೋರಿಸಿದರೆ? ಅಳಿಸಿದೆ. ಮತ್ತೆ ಬರೆದೆ. ಮಗ ಪಕ್ಕದಲ್ಲಿ ನಿಂತು ‘ಅವ್ವಾ, ಪಾಸ್‌ವರ್ಡ್ ಮರತೀಯೇನ?’ ಅಂದ. ಹಾಗೇ ಕಳಿಸಿಬಿಟ್ಟೆ, ‘ಉಳಿದ’ ಇಟ್ಟುಕೊಂಡೇ. ‘ಮೊಸರು ಕನಿಷ್ಠ ಮೂರು ದಿನದ್ದಿರಲಿ’ ಅಂತಲೂ ಸೇರಿಸಿದೆ.

ನಿನ್ನೆ ಇಡೀ ದಿನ ಆ ಕಡೆಯಿಂದ ಸುದ್ದಿಯಿಲ್ಲ. ಸಂಜೆ ಮಾತ್ರ ಅದೇ ವಾಸನೆ ಬಂತು, ಈ ಸಲ ಅವರ ಕಿಟಕಿಯಿಂದ.

ಇವತ್ತು ಬೆಳಿಗ್ಗೆ ಜಿಟಿಜಿಟಿ ಮಳೆ. ಬಟ್ಟೆ ತೆಗೆಯಲು ಹಿತ್ತಲಿಗೆ ಹೋದರೆ ಕಾಂಪೌಂಡಿನ ಆಚೆ ಕಾಕು. ಸೆರಗು ತಲೆ ಮೇಲೆ, ಕೈಯಲ್ಲಿ ಡಬ್ಬಿ.

‘ಸೊಸಿ ಕೇಕ್ ಮಾಡಾಕಂತ ಅರ್ಧ ಕಿಲೋ ಹೊಸಾ ಪೇಡೆ ತರಿಸಿದ್ಲು. ಕಾಲು ಕಿಲೋನ ಹಿಡೀತಂತ.’ ಡಬ್ಬಿ ಗೋಡೆ ಮೇಲಿಟ್ಟರು. ‘ಉಳದಾವ ನೋಡ. ಮನ್ಯಾಗ ಯಾರೂ ತಿನ್ನಂಗಿಲ್ಲ. ನೀ ಏನರ ಮಾಡ್ತಿ.’

ನಾನು ಅವರ ಮುಖ ನೋಡಿದೆ. ನಗುವಿನ ಸುಳಿವೂ ಇಲ್ಲ. ಒಳಗೆ ತಂದು ಮುಚ್ಚಳ ತೆಗೆದೆ. ಹನ್ನೊಂದು. ಫ್ರಿಜ್ ತೆಗೆದು ಮೊಸರಿಗೆ ಬೆರಳದ್ದಿ ನೋಡಿದೆ. ಇನ್ನೂ ಸಿಹಿ ಇತ್ತು. ಪಾತ್ರೆ ಹೊರಗಿಟ್ಟೆ.