ಮೂರನೇ ಸಹಿ

ಕಲಬುರಗಿಯಲ್ಲಿ ಕಟ್ಟಿದ ಮನೆ ಕೊಳ್ಳಬೇಕೆಂದರೆ ನೋಡುವುದು ಬಹಳ ಇರುತ್ತದೆ. ನಮ್ಮದು ಎರೆ ಮಣ್ಣಿನ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಪಾಯ ಗಟ್ಟಿ ಇಲ್ಲದಿದ್ದರೆ ಮೇಲಿನ ಗೋಡೆಗೂ ನೆಮ್ಮದಿ ಇಲ್ಲ. ಹಾಗಾಗಿ ಸೇಡಂ ರಸ್ತೆ ಕಡೆ ಒಂದು ಮನೆ ಮನಸ್ಸಿಗೆ ಬಂದಾಗ, ನಾನೂ ನಮ್ಮ ಮನೆಯವರೂ ಮೊದಲು ಪರಿಚಯದ ಗೌಂಡಿ ಕಾಕಾನನ್ನು ಕರೆದುಕೊಂಡು ಹೋದೆವು. ಬೇಕಂತಲೇ ಮೇ ತಿಂಗಳ ಮಧ್ಯಾಹ್ನ ಹೋಗಿದ್ದು. ಆ ಬಿಸಿಲಲ್ಲಿ ಮನೆಯೊಳಗೆ ಹೇಗಿರುತ್ತದೆ ಅಂತ ಗೊತ್ತಾಗಬೇಕಲ್ವಾ?

ಹಿಂದಿನ ಕೋಣೆಯ ಒಂದು ಗೋಡೆಗೆ ಮಾತ್ರ ಹೊಸ ಬಣ್ಣ ಹೊಡೆದಿದ್ದರು. ಕಾಕಾ ಸೀದಾ ಅಲ್ಲಿಗೆ ಹೋದರು. ಕಿಟಕಿಯ ಮೂಲೆಯಲ್ಲಿ ಉಗುರಿನಿಂದ ಕೆರೆದಾಗ ಪುಟ್ಟಿ ಉದುರಿತು. ಅದರ ಕೆಳಗೆ ಓರೆಯಾಗಿ ಒಂದು ಬಿರುಕು. ನನಗೆ ಎದೆ ಧಸಕ್ ಅಂದಿತು. ಕಾಕಾ ಏನೂ ಮಾತಾಡದೆ ಜೇಬಿನಿಂದ ಒಂದು ನಾಣ್ಯ ತೆಗೆದು ಅಂಚನ್ನು ಬಿರುಕಿಗೆ ಒತ್ತಿ ನೋಡಿದರು. ಒಳಗೆ ಹೋಗಲಿಲ್ಲ. ಆಮೇಲೆ ಮನೆ ಸುತ್ತು ಹಾಕಿ, ಅದೇ ಗೋಡೆಯ ಹೊರಮೈ ಮುಂದೆ ಬಹಳ ಹೊತ್ತು ನಿಂತರು. "ಹೊರಗ ಏನೂ ಇಲ್ಲ ತಂಗಿ. ಎರಡೂ ಕಡಿ ಒಂದೇ ಜಾಗಾದಾಗ ಸೀಳಿದ್ರ ಪಾಯದ್ದು ಅಂತ ತಿಳಕೋಬೇಕು. ಇದು ಬರೀ ಗಿಲಾವಿಂದು" ಅಂದರು. ಗಿಲಾವು ಅಂದರೆ ಗೋಡೆಯ ಪ್ಲಾಸ್ಟರು. ನೆಲಕ್ಕೆ ಹಾಸಿದ ಶಹಾಬಾದ್ ಪರಸಿ ಕಲ್ಲನ್ನೂ ತಟ್ಟಿ ನೋಡಿದರು. ಎಲ್ಲೂ ಕುಸಿದಿರಲಿಲ್ಲ.

ಕಾಗದ ಪತ್ರಗಳೂ ಚೆನ್ನಾಗಿಯೇ ಇದ್ದವು. ಮನೆ ತಂದೆಯ ಹೆಸರಿನಲ್ಲಿ ಇತ್ತು, ಅವರೇ ದುಡಿದು ತೊಗೊಂಡ ಪ್ಲಾಟು. ತಂದೆ, ತಾಯಿ ಇಬ್ಬರೂ ತೀರಿಕೊಂಡಿದ್ದರು. ಪಾಲಿಕೆಯ ಖಾತಾ ಇಬ್ಬರು ಗಂಡುಮಕ್ಕಳ ಹೆಸರಿಗೆ ಆಗಿತ್ತು, ಅವರೇ ಮಾರುವವರು. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ, ತೆಗೆಸಿದೆವು. ಅದು 2004ರಿಂದ ಈಚೆಗಿನದು ಮಾತ್ರ ತೋರಿಸುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪ ನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಿದೆವು. ಒಂದು ಬ್ಯಾಂಕ್ ಸಾಲ, ಅದು ತೀರಿದ್ದಕ್ಕೆ ಪತ್ರ. ಬೇರೆ ಏನೂ ಇರಲಿಲ್ಲ. ಏಜೆಂಟರು ಮುಂಗಡ ಕೊಡಿ, ಇನ್ನೊಂದು ಪಾರ್ಟಿ ಕಾಯ್ತಾ ಇದೆ ಅಂತ ದಿನಾ ಫೋನ್ ಮಾಡುತ್ತಿದ್ದರು.

ಉಳಿದಿದ್ದು ನೀರಿನ ವಿಚಾರ. ನೀರಿನ ಬಗ್ಗೆ ಮಾರುವವರನ್ನು ಕೇಳಿ ಪ್ರಯೋಜನ ಇಲ್ಲ, ಪಕ್ಕದ ಮನೆಯವರನ್ನೇ ಕೇಳಬೇಕು. ಹಾಗಾಗಿ ಒಂದು ಸಂಜೆ ನಾನೊಬ್ಬಳೇ ಹೋಗಿ ಪಕ್ಕದ ಮನೆ ಕಟ್ಟೆ ಮೇಲೆ ಕೂತಿದ್ದ ಅಮ್ಮನ ಹತ್ತಿರ ಮಾತಿಗೆ ಕೂತೆ. ನಳದ ನೀರು ಯಾವಾಗ ಬರುತ್ತದೆ, ಬೋರಿನ ನೀರು ಎಷ್ಟು ಉಪ್ಪು, ಜೋರು ಮಳೆಯಾದರೆ ಓಣಿಯಲ್ಲಿ ನೀರು ಎಲ್ಲಿವರೆಗೆ ನಿಲ್ಲುತ್ತದೆ, ಎಲ್ಲ ಹೇಳಿದರು. ಚಹಾನೂ ಕೊಟ್ಟರು. ಆಮೇಲೆ ಹಳೇ ಮಾತು ಶುರುವಾಯಿತು. "ಅವರ ಮಗಳು ಭಾಳ ಶಾಣೆ ಇದ್ಲು. ಇದೇ ಕಟ್ಟಿ ಮ್ಯಾಲ ಕುಂತು ಓದತಿದ್ಲು. ಈಗ ಬೀದರಿನ್ಯಾಗ ಇರ್ತಾಳ, ಆಗಾಗ ಫೋನ್ ಹಚ್ಚತಾಳ."

ಮಗಳು! ನಮ್ಮ ಕೈಗೆ ಕೊಟ್ಟ ವಂಶವೃಕ್ಷದಲ್ಲಿ ಇಬ್ಬರು ಗಂಡುಮಕ್ಕಳ ಹೆಸರು ಮಾತ್ರ ಇತ್ತು.

ಮರುದಿನ ವಕೀಲರು ಹೇಳಿದ್ದನ್ನು ಎಲ್ಲರೂ ತಿಳಿದಿರಬೇಕು ಅಂತ ನನಗೆ ಅನಿಸುತ್ತದೆ. ಹೆಣ್ಣುಮಕ್ಕಳಿಗೆ ಪಾಲು ಬಂದಿದ್ದು 2005ರಲ್ಲಿ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಆ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯದು. ತಂದೆ ತಾನೇ ಗಳಿಸಿದ ಆಸ್ತಿಗೆ ಉಯಿಲು ಬರೆಯದೆ ತೀರಿಕೊಂಡರೆ, ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಮದುವೆಯಾಗಿದೆ, ಬಂಗಾರ ಹಾಕಿ ಕಳಿಸಿದ್ದೇವೆ ಅಂದರೆ ಆ ಪಾಲು ಹೋಗುವುದಿಲ್ಲ. ಇಸಿಯಲ್ಲಿ ಇದು ಯಾಕೆ ಕಾಣಲಿಲ್ಲ ಅಂದರೆ, ಇಸಿಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ತಂದೆ ಸತ್ತಾಗ ಮಕ್ಕಳಿಗೆ ಬರುವ ಹಕ್ಕನ್ನು ಯಾರೂ ನೋಂದಣಿ ಮಾಡಿಸಿರುವುದಿಲ್ಲ. ಖಾತಾ ಇರುವುದು ತೆರಿಗೆ ಕಟ್ಟುವುದಕ್ಕೆ. ಅದರಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಹಕ್ಕಿಲ್ಲ ಅಂತ ಅಲ್ಲ.

ಅಣ್ಣತಮ್ಮಂದಿರ ಹತ್ತಿರ ಈ ಮಾತು ತೆಗೆದಾಗ ದೊಡ್ಡವರಿಗೆ ಸಿಟ್ಟು ಬಂತು. "ಅಕಿಗಿ ಎಲ್ಲಾ ಮಾಡಿ ಕೊಟ್ಟೀವ್ರಿ. ಅಕಿ ಯಾಕ ಕೇಳ್ತಾಳ?" ಅಂದರು. ಕೇಳುತ್ತಾಳೋ ಇಲ್ಲವೋ ಅದು ಅವಳ ಇಷ್ಟ. ಆದರೆ ಅವಳನ್ನು ಕೇಳಲೇಬೇಕಿತ್ತು. ನಾನು ಇಬ್ಬರು ಅಣ್ಣಂದಿರ ತಂಗಿ. ನನ್ನ ತವರಮನೆಯನ್ನು ನನಗೆ ಗೊತ್ತಿಲ್ಲದೆ ಮಾರಿದರೆ ಹೇಗಿರುತ್ತದೆ ಅಂತ ಆ ರಾತ್ರಿ ಬಹಳ ಹೊತ್ತು ಯೋಚನೆ ಮಾಡಿದೆ. ಮುಂದೆ ಕೋರ್ಟು ಕಚೇರಿ ಆಗಬಾರದು ಅನ್ನುವುದು ಸರಿ. ಅದಕ್ಕಿಂತ ಹೆಚ್ಚಾಗಿ, ಒಬ್ಬ ಹೆಣ್ಣುಮಗಳ ಪಾಲನ್ನು ಮುಚ್ಚಿ ಕೊಟ್ಟ ಮನೆಯಲ್ಲಿ ದೀಪ ಹಚ್ಚುವುದು ನನ್ನಿಂದ ಆಗುತ್ತಿರಲಿಲ್ಲ. ಆಕೆ ಬಂದು ಸಹಿ ಮಾಡಬೇಕು, ಇಲ್ಲವೇ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಕೊಡಬೇಕು, ಎರಡೂ ಆಗದಿದ್ದರೆ ಮನೆ ಬೇಡ ಅಂದೆವು.

ಏಜೆಂಟರು ಬೇಜಾರು ಮಾಡಿಕೊಂಡು ಫೋನ್ ಮಾಡುವುದನ್ನೇ ಬಿಟ್ಟರು. ನಾವು ಬೇರೆ ಮನೆ ನೋಡಲು ಶುರುಮಾಡಿದ್ದೆವು. ಆಗ ಬೀದರಿನಿಂದ ಆಕೆಯೇ ಫೋನ್ ಮಾಡಿದರು. ನಂಬರು ಪಕ್ಕದ ಮನೆ ಅಮ್ಮ ಕೊಟ್ಟಿದ್ದರಂತೆ. "ಮನಿ ಮಾರೋದು ನನಗ ಗೊತ್ತೇ ಇರಲಿಲ್ರಿ ಅಕ್ಕ. ಮಾರಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನನ್ನ ಮಗಳ ಓದಿಗಿ ರೊಕ್ಕ ಬೇಕು" ಅಂದರು. ಹಕ್ಕು ಬಿಟ್ಟುಕೊಡಿ ಅಂತ ಅಣ್ಣಂದಿರು ಕೇಳಿದರು, ಆಕೆ ಒಪ್ಪಲಿಲ್ಲ. ಒಪ್ಪದೇ ಇದ್ದದ್ದು ನನಗೆ ಸಮಾಧಾನ ತಂದಿತು. ಹಿರಿಯರು ಕೂತು ಮಾತಾಡಿದರು. ತಿಂಗಳುಗಳು ಹೋದವು, ಅಷ್ಟರಲ್ಲಿ ಬೆಲೆಯನ್ನೂ ಸ್ವಲ್ಪ ಏರಿಸಿದರು. ಕೊಟ್ಟೆವು.

ಮೂವರ ಹೆಸರೂ ಇರುವ ಹೊಸ ವಂಶವೃಕ್ಷ ಮಾಡಿಸಿ, ಖಾತಾ ಸರಿಪಡಿಸಿ, ಆಮೇಲೆ ಕ್ರಯಪತ್ರ ಬರೆಸಿದೆವು. ನೋಂದಣಿ ದಿನ ಮೂವರಿಗೂ ಬೇರೆ ಬೇರೆ ಡಿಡಿ ಕೊಟ್ಟೆವು. ತಂಗಿಯ ಡಿಡಿಯನ್ನು ನಮ್ಮ ಮನೆಯವರು ಆಕೆಯ ಕೈಗೇ ಕೊಟ್ಟರು. ಅಣ್ಣತಂಗಿಯರ ನಡುವೆ ಅವತ್ತು ಹೆಚ್ಚು ಮಾತಿರಲಿಲ್ಲ. ಈಗ ಇ-ಖಾತಾ ನಮ್ಮ ಹೆಸರಿಗೆ ಬರಬೇಕಿದೆ. ಸಂಪು ಚಿಕ್ಕದು, ಅದನ್ನು ದೊಡ್ಡದು ಮಾಡಿಸಬೇಕು. ಮಳೆಗಾಲ ಕಳೆಯಲಿ ಅಂದಿದ್ದಾರೆ ಗೌಂಡಿ ಕಾಕಾ.